ಅರಮನೆಯ ಅಡುಗೆಮನೆಯಿಂದ ಅರಸನ ನಾಡಿಯವರೆಗೆ

ಹಿಂದಿನ ಸಂಚಿಕೆಯಲ್ಲಿ ಐತಿಹಾಸಿಕ ಧಾರಾವಾಹಿಗಳ ನಾಯಕಿಯರ ಕುರಿತು ಬರೆಯುವಾಗ ಕೊರಿಯಾದ ‘ದೇ ಜಾಂಗ್‌ಗುಮ್’ ಧಾರಾವಾಹಿಯ ಹೆಸರನ್ನು ಒಂದು ಸಾಲಿನಲ್ಲಿ ಎತ್ತಿದ್ದೆ. ಆ ಸಾಲನ್ನು ಹಿಡಿದುಕೊಂಡು ಬಂದ ಪತ್ರಗಳೇ ಈ ಬಾರಿ ಹೆಚ್ಚಾಗಿರುವುದರಿಂದ ಅಂಕಣವನ್ನು ಪೂರ್ತಿಯಾಗಿ ಅದಕ್ಕೇ ಬಿಟ್ಟುಕೊಟ್ಟಿದ್ದೇನೆ. ನೋಡದವರಿಗಾಗಿ ಕಥೆಯ ಎಳೆ ಇಷ್ಟು: 16ನೇ ಶತಮಾನದ ಜೋಸನ್ ರಾಜ್ಯದಲ್ಲಿ, ಅರಮನೆಯ ಒಳಸಂಚಿಗೆ ತಾಯಿಯನ್ನು ಕಳೆದುಕೊಂಡ ಜಾಂಗ್‌ಗುಮ್ ಎಂಬ ಹುಡುಗಿ ಅದೇ ಅರಮನೆಯ ಪಾಕಶಾಲೆಗೆ ಸೇರುತ್ತಾಳೆ, ಸುಳ್ಳು ಆರೋಪಕ್ಕೆ ಗುರಿಯಾಗಿ ಜೇಜು ದ್ವೀಪಕ್ಕೆ ಗುಲಾಮಳಾಗಿ ಹೋಗುತ್ತಾಳೆ, ಅಲ್ಲಿ ವೈದ್ಯ ಕಲಿತು ಅರಮನೆಗೆ ಮರಳಿ ಕೊನೆಗೆ ದೊರೆಯ ಸ್ವಂತ ವೈದ್ಯೆಯಾಗುತ್ತಾಳೆ. ಕೊರಿಯಾದ ಎಂಬಿಸಿ ವಾಹಿನಿ ಇದನ್ನು 2003ರ ಸೆಪ್ಟೆಂಬರ್‌ನಿಂದ 2004ರ ಮಾರ್ಚ್‌ವರೆಗೆ 54 ಕಂತುಗಳಲ್ಲಿ ಪ್ರಸಾರ ಮಾಡಿತು. ನಿರ್ದೇಶಕ ಲೀ ಬ್ಯುಂಗ್-ಹೂನ್, ಬರೆದವರು ಕಿಮ್ ಯಂಗ್-ಹ್ಯುನ್, ನಾಯಕಿ ಲೀ ಯಂಗ್-ಏ.

ಪ್ರಶ್ನೆ: ಜಾಂಗ್‌ಗುಮ್ ನಿಜವಾಗಿ ಬದುಕಿದ್ದ ಹೆಂಗಸೇ, ಇಲ್ಲ ಕಥೆಗಾರರ ಕಲ್ಪನೆಯೇ? ಧಾರಾವಾಹಿಯಲ್ಲಿ ಇತಿಹಾಸದ ಪಾಲು ಎಷ್ಟು?
— ಓದುಗರೊಬ್ಬರು, ಸಾಗರ

ಉತ್ತರ: ಬದುಕಿದ್ದಳು; ಆದರೆ ಇತಿಹಾಸ ಅವಳಿಗೆ ಕೊಟ್ಟಿರುವ ಜಾಗ ಬಹಳ ಇಕ್ಕಟ್ಟಿನದು. ಜೋಸನ್ ದೊರೆಗಳ ಆಳ್ವಿಕೆಯನ್ನು ದಿನಾಂಕದ ಕ್ರಮದಲ್ಲಿ ದಾಖಲಿಸಿದ ಬೃಹತ್ತಾದ ರಾಜವೃತ್ತಾಂತವೊಂದಿದೆ. ಯುನೆಸ್ಕೊ ಅದನ್ನು 1997ರಲ್ಲಿ ತನ್ನ ವಿಶ್ವ ಸ್ಮೃತಿ ಪಟ್ಟಿಗೆ ಸೇರಿಸಿತು. ಸಭೆಯಲ್ಲಿ ಕುಳಿತು ಎಲ್ಲವನ್ನೂ ಬರೆದುಕೊಳ್ಳುತ್ತಿದ್ದ ದಾಖಲೆಗಾರರ ಟಿಪ್ಪಣಿಗಳನ್ನು ಆಳುವ ದೊರೆಯೂ ನೋಡುವಂತಿರಲಿಲ್ಲ. ಅವನು ತೀರಿಕೊಂಡ ಮೇಲೆಯೇ ಅವುಗಳನ್ನು ಒಟ್ಟುಗೂಡಿಸಿ ಆ ಆಳ್ವಿಕೆಯ ವೃತ್ತಾಂತವನ್ನು ಸಿದ್ಧಪಡಿಸುತ್ತಿದ್ದರು. 1506ರಿಂದ 1544ರವರೆಗೆ ಆಳಿದ ಜುಂಗ್‌ಜೊಂಗ್ ದೊರೆಯ ವೃತ್ತಾಂತದಲ್ಲಿ ಜಾಂಗ್‌ಗುಮ್ ಎಂಬ ವೈದ್ಯೆಯ ಹೆಸರು ಸುಮಾರು ಹತ್ತು ಕಡೆ ಬರುತ್ತದೆ.

ಅವಳು ಮೊದಲು ಕಾಣಿಸಿಕೊಳ್ಳುವುದೇ ಆರೋಪಿಯಾಗಿ. 1515ರಲ್ಲಿ ಜಾಂಗ್‌ಗ್ಯೊಂಗ್ ರಾಣಿ ಗಂಡುಮಗುವನ್ನು ಹೆತ್ತು ಕೆಲವೇ ದಿನಗಳಲ್ಲಿ ತೀರಿಕೊಂಡಾಗ, ಬಾಣಂತಿಯ ಆರೈಕೆ ನೋಡಿದ ವೈದ್ಯರನ್ನು ದಂಡಿಸಬೇಕೆಂದು ಅಧಿಕಾರಿಗಳು ಪಟ್ಟು ಹಿಡಿದರು. ಹೆರಿಗೆಯನ್ನು ಸುಸೂತ್ರವಾಗಿ ಮಾಡಿಸಿದ್ದಕ್ಕೆ ಅವಳಿಗೆ ದೊಡ್ಡ ಬಹುಮಾನವೇ ಸಲ್ಲಬೇಕಿತ್ತು, ರಾಣಿಯ ಸಾವಿನಿಂದ ಅದು ತಪ್ಪಿತು, ಬಹುಮಾನ ಕೊಡಲಾಗದಿದ್ದರೂ ಹೊಡೆಸುವುದಂತೂ ಸಲ್ಲದು ಎಂಬ ಅರ್ಥದ ಮಾತಿನಿಂದ ದೊರೆ ಅದನ್ನು ತಳ್ಳಿಹಾಕಿದ. 1522ರಲ್ಲಿ ರಾಜಮಾತೆ ಗುಣಮುಖಳಾದಾಗ ಅವಳಿಗೂ ಶಿನ್‌ಬಿ ಎಂಬ ಇನ್ನೊಬ್ಬ ವೈದ್ಯೆಗೂ ಅಕ್ಕಿ, ಕಾಳು ಬಹುಮಾನವಾಗಿ ಸಿಕ್ಕವು. ಧಾರಾವಾಹಿಯಲ್ಲಿ ಜಾಂಗ್‌ಗುಮ್‌ಳ ಗೆಳತಿಯಾಗಿ ಬರುವ ಶಿನ್‌ಬಿಯ ಹೆಸರು ಹೀಗೆ ದಾಖಲೆಯಿಂದಲೇ ಎತ್ತಿಕೊಂಡದ್ದು. 1524ರ ದಾಖಲೆ ಅವಳ ವಿದ್ಯೆ ತನ್ನ ಸರೀಕರಿಗಿಂತ ‘ಸ್ವಲ್ಪ’ ಮೇಲಾಗಿದೆ ಎಂದು ಹೇಳಿ, ಪೂರ್ತಿ ಸಂಬಳ ಮಂಜೂರು ಮಾಡುತ್ತದೆ. ದೊರೆ ಕೊನೆಯ ಕಾಯಿಲೆಯಲ್ಲಿ ಮಲಗಿದ್ದ 1544ರಲ್ಲಿ, ಆರೋಗ್ಯ ವಿಚಾರಿಸಲು ಬಂದ ಮಂತ್ರಿಗಳಿಗೆ ತನ್ನ ಕಾಯಿಲೆಯ ಸ್ಥಿತಿ ವೈದ್ಯೆಗೆ ಗೊತ್ತಿದೆ ಎಂದು ಹೇಳಿಕಳಿಸುತ್ತಾನೆ. ರಾತ್ರಿ ನಿದ್ರೆ ಬಂದಿತೇ, ಮಲಬದ್ಧತೆ ಬಿಟ್ಟಿತೇ ಎಂಬ ಸಮಾಚಾರವನ್ನು ಒಳಗಿನಿಂದ ಹೊರಗೆ ತಂದು ಮಂತ್ರಿಗಳಿಗೆ ತಿಳಿಸುವವಳೂ ಅವಳೇ.

ಇಷ್ಟೇ ದಾಖಲೆ. ಅವಳ ತಂದೆತಾಯಿ, ಹುಟ್ಟೂರು, ಮದುವೆ, ಸಾವು ಯಾವುದರ ಸುದ್ದಿಯೂ ಅದರಲ್ಲಿಲ್ಲ. ಅವಳು ಅಡುಗೆಮನೆಯಲ್ಲಿ ಇದ್ದಳೆಂಬುದಕ್ಕೆ ಒಂದಕ್ಷರದ ಆಧಾರವೂ ಇಲ್ಲ. ಹಾಗಾಗಿ ಧಾರಾವಾಹಿಯ ಪೂರ್ವಾರ್ಧವನ್ನು ಸಂಪೂರ್ಣ ಕಲ್ಪನೆ ಎಂದೇ ನೋಡಬೇಕು. ಆದರೆ ಬರೆದವರು ಆ ಹತ್ತು ಉಲ್ಲೇಖಗಳನ್ನು ಬಹಳ ಎಚ್ಚರದಿಂದ ಓದಿದ್ದಾರೆಂದು ನನಗೆ ಅನ್ನಿಸುತ್ತದೆ. ಅಧಿಕಾರಿಗಳೆಲ್ಲ ಒಂದು ಕಡೆ, ಕಾಯಿಲೆ ಬಲ್ಲ ಹೆಂಗಸೊಬ್ಬಳು ಇನ್ನೊಂದು ಕಡೆ, ನಡುವೆ ಅವಳನ್ನು ಬಿಟ್ಟುಕೊಡಲು ಮನಸ್ಸಿಲ್ಲದ, ಪೂರ್ತಿ ಕಾಪಾಡುವ ಬಲವೂ ಇಲ್ಲದ ದೊರೆ. ಧಾರಾವಾಹಿಯ ಉತ್ತರಾರ್ಧ ನಿಂತಿರುವುದು ಇದೇ ಮೂರು ಕಾಲಿನ ಮೇಲೆ.

ಪ್ರಶ್ನೆ: ಮಂತ್ರಿಗಳು, ಸೇನಾಪತಿಗಳು ಇರುವಾಗ ಅಡುಗೆಯವರ ಜಗಳವನ್ನು ಅಧಿಕಾರದ ಹೋರಾಟವೆಂದು ಇಷ್ಟು ದೊಡ್ಡದಾಗಿ ತೋರಿಸಿದ್ದು ಅತಿಯಾಯಿತಲ್ಲವೇ? ಒಂದು ಪಾಕಶಾಲೆಯ ಯಜಮಾನಿಕೆಗಾಗಿ ಕೊಲೆಗಳೇ ನಡೆಯುತ್ತವೆ.
— ನಿವೃತ್ತ ಉಪನ್ಯಾಸಕರು, ಧಾರವಾಡ

ಉತ್ತರ: ಅತಿಯಾಯಿತೆಂದು ನನಗೆ ಅನ್ನಿಸುವುದಿಲ್ಲ, ಈ ಧಾರಾವಾಹಿ ಬೇರೆ ಅರಮನೆ ಕಥೆಗಳಿಗಿಂತ ಜಾಣತನದ್ದೆನ್ನಿಸುವುದು ಇಲ್ಲಿಯೇ. ಒಟ್ಟು ಕುಟುಂಬದಲ್ಲಿ ಉಗ್ರಾಣದ ಬೀಗದ ಕೈ ಯಾರ ಸೆರಗಿನಲ್ಲಿದೆ ಎಂಬುದರ ಮೇಲೆ ಮನೆಯ ರಾಜಕೀಯ ತೀರ್ಮಾನವಾಗುತ್ತಿದ್ದುದನ್ನು ಬಲ್ಲವರಿಗೆ ಇದು ಕಷ್ಟದ ಮಾತಲ್ಲ. ದೊರೆಯ ಆಜ್ಞೆ ಸಭೆಯಿಂದ ಹೊರಡಬಹುದು, ಆದರೆ ಅವನ ದೇಹವಿರುವುದು ಒಳಮನೆಯಲ್ಲಿ. ಆ ದೇಹದೊಳಗೆ ದಿನಕ್ಕೆ ಹಲವು ಸಲ ಏನೋ ಒಂದು ಹೋಗುತ್ತಿರುತ್ತದೆ. ಜೋಸನ್ ಅರಮನೆಯಲ್ಲಿ ದೊರೆ ಊಟಕ್ಕೆ ಕೂರುವ ಮುನ್ನ ಹಿರಿಯ ಪರಿಚಾರಕಿಯೊಬ್ಬಳು ಪ್ರತಿಯೊಂದನ್ನೂ ರುಚಿ ನೋಡುವ ಪದ್ಧತಿ ಇತ್ತು. ವಿಷದ ಭಯ ಇರುವಲ್ಲಿ ಅಡುಗೆಯವಳ ನಂಬಿಕೆಗೆ ಬೆಲೆ ಬರುತ್ತದೆ, ಬೆಲೆ ಬಂದಲ್ಲಿ ಅದನ್ನು ಕೊಳ್ಳುವವರೂ ಬರುತ್ತಾರೆ.

ಎರಡನೆಯದು ಹಣ. ಆ ಕಾಲದಲ್ಲಿ ಪ್ರಾಂತಗಳು ತಮ್ಮ ಕಪ್ಪವನ್ನು ಬಹುಪಾಲು ವಸ್ತುಗಳ ರೂಪದಲ್ಲೇ ಕಳಿಸುತ್ತಿದ್ದವು: ಇಲ್ಲಿಯ ಮೀನು, ಅಲ್ಲಿಯ ಹಣ್ಣು, ಮತ್ತೊಂದು ಕಡೆಯ ಗಿಡಮೂಲಿಕೆ. ಈ ಪೂರೈಕೆಯ ನಡುವೆ ನಿಂತ ದಲ್ಲಾಳಿಗಳು ರೈತರನ್ನು ಹಿಂಡಿ ಲಾಭ ಮಾಡಿಕೊಂಡದ್ದು ಕೊರಿಯಾದ 16ನೇ ಶತಮಾನದ ನಿಜವಾದ ಪಿಡುಗು. ಧಾರಾವಾಹಿಯ ಚ್ವೆ ಮನೆತನವನ್ನು ಇದರ ಮೇಲೆಯೇ ಕಟ್ಟಲಾಗಿದೆ. ಪಾಕಶಾಲೆಯ ಅತ್ಯುನ್ನತ ಸ್ಥಾನ ತಲೆಮಾರುಗಳಿಂದ ಆ ಮನೆಯ ಹೆಣ್ಣುಮಕ್ಕಳ ಕೈಯಲ್ಲಿದೆ. ಈಗ ಆ ಸ್ಥಾನಕ್ಕೆ ಕಣ್ಣಿಟ್ಟಿರುವ ಚ್ವೆ ಎಂಬ ಪರಿಚಾರಕಿಯ ಅಣ್ಣನಾದ ವ್ಯಾಪಾರಿ ಅರಮನೆಗೆ ಸರಕು ಒದಗಿಸುತ್ತಾನೆ. ಆ ಲಾಭದ ಪಾಲು ಓ ಗ್ಯೊಮ್-ಹೊ ಎಂಬ ಮಂತ್ರಿಗೆ ಹೋಗುತ್ತದೆ. ಮಂತ್ರಿ ಈ ಎಲ್ಲರಿಗೂ ಆಸರೆಯಾಗಿ ನಿಲ್ಲುತ್ತಾನೆ. ಜಾಂಗ್‌ಗುಮ್‌ಳ ಗುರುವಾದ ಹಾನ್ ಎಂಬ ನಿಷ್ಠುರ ಹೆಂಗಸು ಆ ಸ್ಥಾನಕ್ಕೆ ಬಂದು ಲೆಕ್ಕಪತ್ರ ಬಿಚ್ಚಿದರೆ ಸಿಕ್ಕಿಬೀಳುವುದು ಒಬ್ಬ ಅಡುಗೆಯವಳಲ್ಲ, ಇಡೀ ಕೊಂಡಿ. ಆದ್ದರಿಂದಲೇ ಚ್ವೆ ಸ್ಪರ್ಧೆಯಲ್ಲಿ ಸೋತ ಮೇಲೂ ಹೋರಾಟ ನಿಲ್ಲುವುದಿಲ್ಲ. ಹಾನ್ ಮತ್ತು ಜಾಂಗ್‌ಗುಮ್ ಮಾಡಿದ ಬಾತುಕೋಳಿಯ ಅಡುಗೆ ತಿಂದ ಮೇಲೆ ದೊರೆ ಹಾಸಿಗೆ ಹಿಡಿದಾಗ, ಅದನ್ನು ರಾಜದ್ರೋಹವೆಂದು ತಿರುಚಲಾಗುತ್ತದೆ.

ಮೂರನೆಯದಾಗಿ, ಆ ಅರಮನೆಯ ನೆನಪುಗಳೇ ವಿಷದವು. 1482ರಲ್ಲಿ ಪದಚ್ಯುತಳಾದ ಯುನ್ ರಾಣಿಗೆ ವಿಷ ಕುಡಿಸಲಾಯಿತು. ಅವಳ ಮಗ ಯೊನ್ಸಾನ್‌ಗುನ್ ದೊರೆಯಾಗಿ 1504ರಲ್ಲಿ ಆ ಸೇಡನ್ನು ರಕ್ತದಲ್ಲಿ ತೀರಿಸಿಕೊಂಡ. ಎರಡು ವರ್ಷಕ್ಕೆ ಅವನನ್ನೂ ಕ್ಷಿಪ್ರಕ್ರಾಂತಿಯಲ್ಲಿ ಇಳಿಸಿ ಮಲತಮ್ಮ ಜುಂಗ್‌ಜೊಂಗ್‌ನನ್ನು ಕೂರಿಸಿದರು. ಹೊಸ ದೊರೆಯ ಹೆಂಡತಿಯ ತಂದೆ ಕ್ರಾಂತಿಗೆ ಒಪ್ಪಿರಲಿಲ್ಲವೆಂಬ ಕಾರಣಕ್ಕೆ ಅವಳನ್ನು ಪಟ್ಟಕ್ಕೆ ಬಂದ ಏಳು ದಿನಕ್ಕೆ ರಾಣಿಯ ಸ್ಥಾನದಿಂದ ಹೊರಹಾಕಿದರು, ಗಂಡ ಸುಮ್ಮನಿದ್ದ. ಇಂಥ ದೊರೆಯ ಸುತ್ತ ಯಾರೂ ನೇರವಾಗಿ ಅಧಿಕಾರ ಕೇಳುವುದಿಲ್ಲ, ಅವನ ಹತ್ತಿರದ ಬಾಗಿಲನ್ನು ಹಿಡಿದುಕೊಳ್ಳಲು ನೋಡುತ್ತಾರೆ. ಜಾಂಗ್‌ಗುಮ್‌ಳ ತಂದೆಯನ್ನು ಯುನ್ ರಾಣಿಗೆ ವಿಷ ಒಯ್ದ ಕಾವಲುಗಾರರಲ್ಲಿ ಒಬ್ಬನನ್ನಾಗಿ ಮಾಡಿರುವುದರಿಂದ, ಹುಟ್ಟುವ ಮೊದಲೇ ಅವಳ ಬದುಕು ಈ ಲೆಕ್ಕದೊಳಗೆ ಬಂದುಬಿಟ್ಟಿದೆ.

ಪ್ರಶ್ನೆ: ನಾಯಕಿ ವಿಪರೀತ ಒಳ್ಳೆಯವಳಾದಳು. ಚೀನಾ, ತುರ್ಕಿಯ ಅಂತಃಪುರದ ಧಾರಾವಾಹಿಗಳಲ್ಲಿ ನಾಯಕಿಯರು ತಂತ್ರಕ್ಕೆ ಪ್ರತಿತಂತ್ರ ಹೂಡುತ್ತಾರೆ. ಇವಳು ಅಳುತ್ತಾಳೆ, ಕೆಲಸ ಮಾಡುತ್ತಾಳೆ. ಇದನ್ನು ಗಟ್ಟಿಗಿತ್ತಿತನ ಎನ್ನಬಹುದೇ?
— ಓದುಗರೊಬ್ಬರು, ಮೈಸೂರು

ಉತ್ತರ: ಕೆಲಸ ಮಾಡುತ್ತಾಳೆ ಎಂದು ನೀವು ದೂರಿನಂತೆ ಬರೆದಿರುವುದೇ ಅವಳ ಬಲ ಎಂದು ನಾನು ವಾದಿಸುತ್ತೇನೆ. ತಂತ್ರ ಹೂಡುವ ನಾಯಕಿಯರಿಗೆ ರಾಣಿಯೋ ಉಪಪತ್ನಿಯೋ ಆಗುವ ದಾರಿ ತೆರೆದಿರುತ್ತದೆ. ದೊರೆಯ ಒಲವೇ ಅವರ ಬಂಡವಾಳ. ಜಾಂಗ್‌ಗುಮ್‌ಗೆ ಅಂಥ ಬಂಡವಾಳವಿಲ್ಲ, ಅವಳು ಅದನ್ನು ಬಯಸುವುದೂ ಇಲ್ಲ. ಅವಳ ಬಳಿ ಇರುವುದು ನಾಲಗೆ, ಮೂಗು, ಬೆರಳು, ಮತ್ತು ಕೇಳಬಾರದ ಪ್ರಶ್ನೆಯನ್ನು ಕೇಳುವ ಚಾಳಿ.

ಎರಡು ಸನ್ನಿವೇಶ ನೆನಪಿಸಿಕೊಳ್ಳಿ. ಪುಟ್ಟ ಜಾಂಗ್‌ಗುಮ್‌ಗೆ ಹಾನ್ ಕುಡಿಯುವ ನೀರು ತರಲು ಹೇಳುತ್ತಾಳೆ, ತಂದದ್ದನ್ನು ಒಪ್ಪದೆ ದಿನವೂ ಮತ್ತೆ ತರಿಸುತ್ತಾಳೆ. ಕೊನೆಗೆ ಹುಡುಗಿ ನೀರು ತರುವ ಮೊದಲು, ಹೊಟ್ಟೆ ನೋಯುತ್ತಿದೆಯೇ, ಗಂಟಲು ಕೆರೆಯುತ್ತಿದೆಯೇ ಎಂದು ವಿಚಾರಿಸಿ, ಬೆಚ್ಚಗಿನ ನೀರಿಗೆ ಚಿಟಿಕೆ ಉಪ್ಪು ಹಾಕಿ ತರುತ್ತಾಳೆ. ಮುಂದೆ ಅವಳು ವೈದ್ಯೆಯಾಗುವ ಬೀಜ ಇಲ್ಲಿಯೇ ಬಿದ್ದಿದೆ. ಇನ್ನೊಂದು, ಮಿಂಗ್ ಚೀನಾದ ರಾಯಭಾರಿ ಬಂದಾಗಿನದು. ಅವನಿಗೆ ಮಧುಮೇಹವಿದೆಯೆಂದು ತಿಳಿದೂ ಭರ್ಜರಿ ಔತಣ ಬಡಿಸಬೇಕೆಂಬುದು ಮೇಲಿನವರ ಇಚ್ಛೆ. ರಾಯಭಾರಿ ಮುನಿದರೆ ರಾಜ್ಯಕ್ಕೇ ಕುತ್ತು. ಗುರುಶಿಷ್ಯೆಯರು ಅವನ ಮುಂದೆ ಸಪ್ಪೆಯಾದ ಪಥ್ಯದ ಊಟವಿಟ್ಟು, ತಿನ್ನುವವನ ದೇಹಕ್ಕೆ ಕೇಡು ಮಾಡುವ ಅಡುಗೆಯನ್ನು ಬಡಿಸಲಾರೆವೆಂದು ನಿಲ್ಲುತ್ತಾರೆ. ಸಭೆ ನಡುಗುತ್ತದೆ. ಕತ್ತಿ ಹಿರಿಯುವುದಕ್ಕಿಂತ ಇದು ಕಡಿಮೆ ಧೈರ್ಯವೆಂದು ನಾನು ಒಪ್ಪಲಾರೆ.

ಅವಳು ದೋಷವೇ ಇಲ್ಲದವಳು ಎಂಬುದೂ ಪೂರ್ತಿ ನಿಜವಲ್ಲ. ಬಾಯಿ ತಡೆಯದ ಮಗುವಾಗಿ ತಂದೆಯ ಗುಟ್ಟನ್ನು ಹೊರಗೆ ಹಾಕಿದವಳು ಅವಳೇ. ಅದರ ಬೆಲೆ ತಂದೆತಾಯಿಯ ಪ್ರಾಣ. ಹಗೆ ಹೊತ್ತುಕೊಂಡು ವೈದ್ಯಕ್ಕೆ ಬರಬಾರದೆಂದು ಹಿರಿಯ ವೈದ್ಯನೊಬ್ಬ ಅವಳನ್ನು ತಡೆಯುತ್ತಾನೆ. ಬುದ್ಧಿವಂತೆಯೆಂಬ ಗರ್ವದಿಂದ ರೋಗಿಯನ್ನು ವಿಚಾರಿಸುವ ಮೊದಲೇ ರೋಗ ಹೇಳಿಬಿಡುವ ಅವಳನ್ನು ಶಿನ್ ಇಕ್-ಪಿಲ್ ಎಂಬ ಗುರು ಪರೀಕ್ಷೆಯಲ್ಲಿ ಫೇಲು ಮಾಡುತ್ತಾನೆ. ಇಡೀ ಧಾರಾವಾಹಿಯಲ್ಲಿ ನನಗೆ ಅತ್ಯಂತ ಮೆಚ್ಚುಗೆಯಾದ ಭಾಗ ಅದು. ಆದರೆ ಒಂದು ಮಾತಿನಲ್ಲಿ ನೀವು ಹೇಳಿದ್ದು ಸರಿ: ಸುಮಾರು ನಲವತ್ತನೆಯ ಕಂತಿನ ನಂತರ ಅವಳು ಹೇಳಿದ ರೋಗವೇ ರೋಗ, ಕೊಟ್ಟ ಮದ್ದೇ ಮದ್ದು ಎಂದಾಗುತ್ತದೆ, ಅಲ್ಲಿಗೆ ಪಾತ್ರದ ಬಿಸಿ ಸ್ವಲ್ಪ ಆರುತ್ತದೆ.

ಪ್ರಶ್ನೆ: ನನಗೆ ಚ್ವೆ ಮತ್ತು ಅವಳ ಸೋದರಸೊಸೆ ಗುಮ್‌ಯಂಗ್ ಬಗ್ಗೆಯೇ ಮರುಕ ಹುಟ್ಟಿತು. ಖಳನಾಯಕಿಯರನ್ನು ಕಂಡು ಮರುಗುವುದು ಸರಿಯೇ?
— ಗೃಹಿಣಿ, ಹುಬ್ಬಳ್ಳಿ

ಉತ್ತರ: ಬರೆದವರು ಬಯಸಿದ್ದೇ ಅದನ್ನು ಎಂದು ಕಾಣುತ್ತದೆ. ಚ್ವೆ ಹುಟ್ಟಾ ಕೆಟ್ಟವಳಲ್ಲ. ಎಳೆಯ ಪರಿಚಾರಕಿಯಾಗಿದ್ದಾಗ ಮನೆಯ ಹಿರಿಯಳ ಅಪ್ಪಣೆಯಂತೆ ರಾಜಮನೆತನದವರ ಊಟದಲ್ಲಿ ಮದ್ದು ಬೆರೆಸಿದಳು. ಅದನ್ನು ಕಂಡ ಗೆಳತಿ, ಅಂದರೆ ಜಾಂಗ್‌ಗುಮ್‌ಳ ತಾಯಿ, ಬಾಯಿ ಬಿಡದಂತೆ ಮಾಡಲು ಅವಳಿಗೇ ವಿಷ ಕುಡಿಸುವುದರಲ್ಲಿ ಭಾಗಿಯಾದಳು. ಹಾನ್ ಗುಟ್ಟಾಗಿ ಪ್ರತಿವಿಷ ಬೆರೆಸಿದ್ದರಿಂದ ಆ ಗೆಳತಿ ಉಳಿದದ್ದು ಚ್ವೆಗೆ ಗೊತ್ತಾಗುವುದು ಎಷ್ಟೋ ವರ್ಷಗಳ ಮೇಲೆ. ಮೊದಲ ಪಾಪವನ್ನು ಮುಚ್ಚಲು ಎರಡನೆಯದು, ಅದನ್ನು ಮುಚ್ಚಲು ಮೂರನೆಯದು. ನಟಿ ಕ್ಯೊನ್ ಮಿ-ರಿ ಈ ಪಾತ್ರವನ್ನು ಎಲ್ಲಿಯೂ ಕಿರುಚದೆ, ಕಣ್ಣಿನಲ್ಲಿಯೇ ಲೆಕ್ಕ ಹಾಕುವ ಹೆಂಗಸಾಗಿ ನಿಭಾಯಿಸಿದ್ದಾರೆ.

ಗುಮ್‌ಯಂಗ್‌ಳದು ಇನ್ನೂ ಕಠಿಣವಾದ ಗತಿ. ಪ್ರತಿಭೆಯಲ್ಲಿ ಅವಳು ಜಾಂಗ್‌ಗುಮ್‌ಗೆ ಸಮ, ಕೆಲವು ಸಲ ಮೇಲು. ನ್ಯಾಯವಾಗಿ ಗೆಲ್ಲಬೇಕೆಂಬ ಹಂಬಲವೂ ಇದೆ. ಆದರೆ ಮನೆತನ ಅವಳಿಗೆ ನ್ಯಾಯವಾಗಿ ಸೋಲುವ ಅವಕಾಶವನ್ನೂ ಕೊಡುವುದಿಲ್ಲ. ಮೊದಲ ಸಲ ಮಾಟದ ಚೀಟಿ ಬಚ್ಚಿಡಲು ಅವಳ ಕೈಗೆ ಕೊಟ್ಟಾಗ ಅವಳು ಅಳುವುದನ್ನು ನೆನೆಯಿರಿ. ದಿಕ್ಕಿಲ್ಲದ ಜಾಂಗ್‌ಗುಮ್‌ಗೆ ಇರುವ ಆಯ್ಕೆ ದೊಡ್ಡ ಮನೆಯ ಈ ಹುಡುಗಿಗೆ ಇಲ್ಲ. ಮರುಕ ತಪ್ಪಲ್ಲ, ಕ್ಷಮಿಸುವುದು, ಬಿಡುವುದು ಬೇರೆ ಮಾತು.

ಪ್ರಶ್ನೆ: ನಾನು ಶುಶ್ರೂಷಕಿ. 16ನೇ ಶತಮಾನದಲ್ಲಿ ಮಹಿಳಾ ವೈದ್ಯರ ಪ್ರತ್ಯೇಕ ವರ್ಗವೇ ಇತ್ತೆಂಬುದು ನಂಬಲಾಗುತ್ತಿಲ್ಲ. ಇದ್ದುದಾದರೆ ಅವರಿಗೆ ಗೌರವ ಏಕೆ ಇರಲಿಲ್ಲ?
— ಓದುಗರೊಬ್ಬರು, ಮಂಗಳೂರು

ಉತ್ತರ: ಇತ್ತು, ಜಾಂಗ್‌ಗುಮ್‌ಳ ಕಾಲಕ್ಕೆ ಅದಕ್ಕೆ ನೂರು ವರ್ಷ ತುಂಬಿತ್ತು. ಹೆಂಗಸರು ಗಂಡು ವೈದ್ಯನಿಗೆ ಮೈ ತೋರಿಸಲು ನಾಚಿ ಕಾಯಿಲೆಯಲ್ಲಿಯೇ ಸಾಯುತ್ತಿದ್ದಾರೆಂಬ ಅಹವಾಲಿನ ಮೇಲೆ 1406ರಲ್ಲಿ, ತೇಜೊಂಗ್ ದೊರೆಯ ಆಳ್ವಿಕೆಯಲ್ಲಿ, ಹುಡುಗಿಯರಿಗೆ ನಾಡಿ ನೋಡುವುದನ್ನೂ ಸೂಜಿ ಚುಚ್ಚುವ ಚಿಕಿತ್ಸೆಯನ್ನೂ ಕಲಿಸುವ ಏರ್ಪಾಡಾಯಿತು. ಆದರೆ ಕುಲೀನರ ಮನೆಯ ಹುಡುಗಿಯರು ಅಪರಿಚಿತರ ಮೈ ಮುಟ್ಟುವ ಕೆಲಸಕ್ಕೆ ಬರುವಂತಿರಲಿಲ್ಲ. ಆದ್ದರಿಂದ ಸರ್ಕಾರಿ ಕಚೇರಿಗಳಿಗೆ ಸೇರಿದ ಗುಲಾಮ ಹುಡುಗಿಯರನ್ನೇ ಆರಿಸಿದರು. ವಿದ್ಯೆ ಬಂದರೂ ಹುಟ್ಟಿನ ಕೀಳು ಅವರನ್ನು ಬಿಡಲಿಲ್ಲ. ಹೆರಿಗೆ ಮಾಡಿಸುವುದು, ರಾಣಿಯರ ನಾಡಿ ನೋಡುವುದು ಮಾತ್ರವಲ್ಲದೆ, ಹೆಂಗಸರ ಮನೆಯೊಳಗೆ ತಪಾಸಣೆ ನಡೆಸುವಂಥ ಪೊಲೀಸ್ ಕೆಲಸಕ್ಕೂ ಅವರನ್ನು ಕಳಿಸುತ್ತಿದ್ದರು. ಯೊನ್ಸಾನ್‌ಗುನ್ ಅವರನ್ನು ಸಿಂಗರಿಸಿಕೊಂಡು ಔತಣಕೂಟಗಳಿಗೆ ಬರುವಂತೆ ಮಾಡಿದ. ಮುಂದೆ ನಿಷೇಧದ ಆಜ್ಞೆಗಳು ಹೊರಟರೂ ಆ ಚಾಳಿ ಸುಲಭವಾಗಿ ಹೋಗಲಿಲ್ಲ. ತಲೆಯ ಮೇಲಿನ ಕಪ್ಪು ರೇಷ್ಮೆಯ ಮಡಿಕೆ ಅವರ ಗುರುತು. ಧಾರಾವಾಹಿಯ ಉತ್ತರಾರ್ಧದಲ್ಲಿ ಜಾಂಗ್‌ಗುಮ್ ತೊಡುವುದು ಅದನ್ನೇ.

ಆದ್ದರಿಂದ ಪಾಕಶಾಲೆಯಿಂದ ವೈದ್ಯಶಾಲೆಗೆ ಅವಳ ಪಯಣವನ್ನು ಬಡ್ತಿಯೆಂದು ತಿಳಿಯಬಾರದು. ಪಾಕಶಾಲೆಯ ಹಿರಿಯ ಪರಿಚಾರಕಿಗೆ ಅರಮನೆಯ ಶ್ರೇಣಿಯಲ್ಲಿ ಐದನೆಯ ದರ್ಜೆಯವರೆಗೆ ಏರುವ ಅವಕಾಶವಿತ್ತು. ವೈದ್ಯೆಯಾಗಿ ಅವಳು ಮರಳುವುದು ಅದಕ್ಕಿಂತ ಬಹಳ ಕೆಳಗಿನ ಮೆಟ್ಟಿಲಿಗೆ, ತನ್ನನ್ನು ಹೊರಹಾಕಿದವರೇ ಆಳುತ್ತಿರುವ ಮನೆಗೆ. ಅದೇ ಬಗೆಯ ವೃತ್ತಿಯವರಾದ ನಿಮಗೆ ಈ ಅವಮಾನದ ಪದರಗಳು ನಮಗಿಂತ ಚೆನ್ನಾಗಿ ಕಂಡಿರಬಹುದು.

ಪ್ರಶ್ನೆ: ತೋರಿಸಿರುವ ಅಡುಗೆಗಳು ನಿಜವಾಗಿ ಆ ಕಾಲದವೇ?
— ಕನ್ನಡಿಗರೊಬ್ಬರು, ದುಬೈ

ಉತ್ತರ: ಪದ್ಧತಿ ಹಳೆಯದು, ಆದರೆ 16ನೇ ಶತಮಾನದ್ದೇ ಎನ್ನಲಾಗದು. ಧಾರಾವಾಹಿಯ ಅಡುಗೆಗೆ ಮಾರ್ಗದರ್ಶನ ನೀಡಿದವರು ಹಾನ್ ಬೊಕ್-ರ್ಯೊ. ಅವರ ತಾಯಿ ಹ್ವಾಂಗ್ ಹೆ-ಸೊಂಗ್ ಈ ವಿದ್ಯೆಯನ್ನು ಜೋಸನ್ ಅರಮನೆಯ ಪಾಕಶಾಲೆಯಲ್ಲಿ ದುಡಿದ ಕೊನೆಯ ತಲೆಮಾರಿನ ಹಾನ್ ಹುಯಿ-ಸುನ್ ಅವರಿಂದ ಕಲಿತಿದ್ದರು. 1971ರಲ್ಲಿ ಕೊರಿಯಾ ಸರ್ಕಾರ ಈ ರಾಜಪಾಕವನ್ನು ರಾಷ್ಟ್ರದ ಅಮೂರ್ತ ಸಾಂಸ್ಕೃತಿಕ ಸಂಪತ್ತಾಗಿ ಘೋಷಿಸಿತು. ಹೀಗೆ ಪರದೆಯ ಮೇಲೆ ಕಾಣುವುದು ಮುಖ್ಯವಾಗಿ ಆ ವಂಶದ ಕೊನೆಯ ದಿನಗಳ ಅಡುಗೆಯ ನೆನಪು. ಕೊರಿಯಾದ ಅಡುಗೆಯನ್ನು ಇಂದು ಕೆಂಪಾಗಿಸಿರುವ ಮೆಣಸಿನಕಾಯಿಯಂತೂ ಜಾಂಗ್‌ಗುಮ್‌ಳ ಕಾಲ ಮುಗಿದ ಮೇಲೆ, ಆ ಶತಮಾನದ ಕೊನೆಯ ಹೊತ್ತಿಗೆ ಅಲ್ಲಿಗೆ ಬಂದದ್ದು. ನಮ್ಮ ಬ್ಯಾಡಗಿ ಮೆಣಸಿನಕಾಯಿಯ ಪೂರ್ವಜರೂ ಪೋರ್ಚುಗೀಸರ ಹಡಗಿನಲ್ಲಿ ಬಂದವರೇ ಆದ್ದರಿಂದ ಇದರಲ್ಲಿ ಅವರನ್ನು ಹಾಸ್ಯ ಮಾಡುವ ಹಕ್ಕು ನಮಗಿಲ್ಲ. ಇನ್ನೊಂದು ಸಂಗತಿ: ಜೋಸನ್ ಅರಮನೆಯ ಅಡುಗೆಯ ಶ್ರಮದ ಬಹುಪಾಲು ಗಂಡಸರದಾಗಿತ್ತು. ಧಾರಾವಾಹಿ ಅವರನ್ನು ಬದಿಗೆ ಸರಿಸಿ ಪಾಕಶಾಲೆಯನ್ನು ಹೆಂಗಸರ ರಾಜ್ಯವನ್ನಾಗಿ ಮಾಡಿತು. ಇತಿಹಾಸಕ್ಕೆ ಇದು ಅಪಚಾರವಾದರೂ ನಾಟಕಕ್ಕೆ ಉಪಕಾರವಾಯಿತು.

ಪ್ರಶ್ನೆ: ನಮ್ಮ ಕಿತ್ತೂರು ಚೆನ್ನಮ್ಮನಂಥ ವೀರರಾಣಿಯ ಚಿತ್ರ ಕಂಡವರಿಗೆ ಈ ನಾಯಕಿ ಸಪ್ಪೆ ಎನ್ನಿಸುವುದಿಲ್ಲವೇ?
— ಓದುಗರೊಬ್ಬರು, ಬೈಲಹೊಂಗಲ

ಉತ್ತರ: ಚೆನ್ನಮ್ಮ ಸೆರೆಯಲ್ಲಿದ್ದು 1829ರಲ್ಲಿ ಕೊನೆಯುಸಿರೆಳೆದ ಊರಿನಿಂದ ಬಂದ ಪ್ರಶ್ನೆಗೆ ಎಚ್ಚರದಿಂದಲೇ ಉತ್ತರಿಸಬೇಕು. ಬಿ.ಆರ್. ಪಂತುಲು ನಿರ್ದೇಶಿಸಿ ಬಿ. ಸರೋಜಾದೇವಿ ಅಭಿನಯಿಸಿದ 1961ರ ಚಿತ್ರ ನಮ್ಮ ಮನಸ್ಸಿನಲ್ಲಿ ಅಚ್ಚೊತ್ತಿರುವುದು ಕತ್ತಿ ಮತ್ತು ಕಂಚಿನ ಕಂಠದಿಂದ. ಆದರೆ ಕಿತ್ತೂರಿನ ಹೋರಾಟ ಆರಂಭವಾದದ್ದು ಕತ್ತಿಯಿಂದಲ್ಲ. 1824ರಲ್ಲಿ ಶಿವಲಿಂಗರುದ್ರಸರ್ಜ ಮಕ್ಕಳಿಲ್ಲದೆ ತೀರಿಕೊಂಡಾಗ ದತ್ತು ಸಲ್ಲುತ್ತದೆಯೇ ಇಲ್ಲವೇ ಎಂಬ ಪ್ರಶ್ನೆ ಎದ್ದಿತು. ಖಜಾನೆಗೆ ಧಾರವಾಡದ ಕಲೆಕ್ಟರ್ ಥ್ಯಾಕರೆ ಮೊಹರು ಹಾಕಿಸಿದ. ಅರಮನೆಯೊಳಗೇ ಕಂಪನಿಯ ಕಡೆ ವಾಲಿದವರಿದ್ದರು. ರಾಣಿ ಮೊದಲು ಮನವಿಪತ್ರಗಳನ್ನೇ ಬರೆಸಿದಳು. ಅಕ್ಟೋಬರ್ 23ರಂದು ಥ್ಯಾಕರೆ ಬಿದ್ದದ್ದು ಮಾತುಕತೆಯ ದಾರಿಗಳೆಲ್ಲ ಮುಚ್ಚಿದ ಮೇಲೆ. ಆ ವಾರಗಳ ಚೆನ್ನಮ್ಮನನ್ನು, ಉಗ್ರಾಣ, ಖಜಾನೆ, ದತ್ತಕ, ನಂಬಿಕಸ್ಥರು, ದ್ರೋಹಿಗಳ ನಡುವೆ ಹೆಜ್ಜೆಯಿಡುವ ಆಡಳಿತಗಾರ್ತಿಯನ್ನು, ವಿಸ್ತಾರವಾಗಿ ತೋರಿಸುವ ಕಥನ ಕನ್ನಡದಲ್ಲಿ ಬಂದರೆ ಚೆನ್ನಿತ್ತು ಎಂಬುದು ನನ್ನ ಆಸೆ. ಸಪ್ಪೆ, ಖಾರ ಎಂಬ ಹೋಲಿಕೆಗೆ ನಾನು ಹೋಗಲಾರೆ: ಒಬ್ಬಳು ಸಂಸ್ಥಾನದ ಒಡತಿ, ಇನ್ನೊಬ್ಬಳು ಗುಲಾಮಳು, ಇಬ್ಬರಿಗೂ ದೊರೆತ ಆಯುಧಗಳೇ ಬೇರೆ.

ಪ್ರಶ್ನೆ: ಇಷ್ಟೆಲ್ಲ ಹೋರಾಡಿ ಗೆದ್ದವಳು ಕೊನೆಯಲ್ಲಿ ಅರಮನೆಯನ್ನೇ ಬಿಟ್ಟು ಓಡಿಹೋಗುವುದು ನಿರಾಸೆ ಹುಟ್ಟಿಸಿತು. ಇದು ಸೋಲಲ್ಲವೇ?
— ವಿದ್ಯಾರ್ಥಿನಿ, ತುಮಕೂರು

ಉತ್ತರ: ಮೊದಲು ಅವಳು ಏನನ್ನು ಗೆದ್ದಳೆಂದು ನೋಡೋಣ. ಚ್ವೆ ಬಣ ಕುಸಿಯುತ್ತದೆ, ತಾಯಿಯ ಮತ್ತು ಗುರುವಿನ ಹೆಸರು ಶುದ್ಧವಾಗುತ್ತದೆ. ಸಾಮಾನ್ಯ ಧಾರಾವಾಹಿ ಅಲ್ಲಿಗೆ ಮುಗಿಯುತ್ತಿತ್ತು. ಇಲ್ಲಿ ನಿಜವಾದ ಗೋಡೆ ಆಮೇಲೆ ಎದುರಾಗುತ್ತದೆ. ದೊರೆ ಅವಳನ್ನು ತನ್ನ ಮುಖ್ಯ ವೈದ್ಯೆಯನ್ನಾಗಿ ನೇಮಿಸಲು ಹೊರಟಾಗ, ಆವರೆಗೆ ಪರಸ್ಪರ ಕಚ್ಚಾಡುತ್ತಿದ್ದ ಅಧಿಕಾರಿಗಳೆಲ್ಲ ಒಂದಾಗಿಬಿಡುತ್ತಾರೆ. ಚ್ವೆಯನ್ನು ಸೋಲಿಸಲು ಸಾಕ್ಷ್ಯ ಸಾಕಾಗಿತ್ತು, ಇವರನ್ನು ಸೋಲಿಸಲು ಯಾವ ಸಾಕ್ಷ್ಯವೂ ಸಾಲದು. ಏಕೆಂದರೆ ಅವರ ತಕರಾರು ಅವಳ ಕೆಲಸದ ಮೇಲಲ್ಲ, ಅವಳ ಹುಟ್ಟಿನ ಮೇಲೆ. ಮುನ್‌ಜೊಂಗ್ ರಾಣಿಯಾದರೋ ತನ್ನ ಮಗನಿಗೆ ದಾರಿ ಮಾಡಿಕೊಡಲು ಯುವರಾಜನ ವಿರುದ್ಧ ಜಾಂಗ್‌ಗುಮ್‌ಳ ವೈದ್ಯವನ್ನೇ ಬಳಸಿಕೊಳ್ಳಲು ನೋಡುತ್ತಾಳೆ. ಚರಿತ್ರೆಯ ಮುನ್‌ಜೊಂಗ್ 1545ರಲ್ಲಿ ಬಾಲಕ ಮಗನ ಪರವಾಗಿ ಆಡಳಿತ ಹಿಡಿದು ವರ್ಷಗಟ್ಟಲೆ ರಾಜ್ಯವನ್ನು ಆಳಿದ ಹೆಂಗಸು. ಅಧಿಕಾರ ಬೇಕೆಂದವಳು ತೆತ್ತ ಬೆಲೆಯನ್ನು ಈ ಪಾತ್ರ ಹೇಳುತ್ತದೆ. ಆ ಬೆಲೆಯನ್ನು ಜಾಂಗ್‌ಗುಮ್ ತೆರಲಾರಳು, ಏಕೆಂದರೆ ಒಮ್ಮೆ ವಿಷಕ್ಕೆ ಒಪ್ಪಿದರೆ ಅವಳ ಕೈಯ ಮದ್ದಿಗೆ ಅರ್ಥವೇ ಉಳಿಯುವುದಿಲ್ಲ.

ಸಾಯುವ ಹೊತ್ತಿನಲ್ಲಿ ದೊರೆಯೇ ಅವಳನ್ನು ಗುಟ್ಟಾಗಿ ಹೊರಗೆ ಸಾಗಿಸುತ್ತಾನೆ. ಇದಕ್ಕೂ ಚರಿತ್ರೆಯ ಹಿನ್ನೆಲೆಯಿದೆ: ದೊರೆ ಸತ್ತರೆ ವೈದ್ಯರನ್ನು ಹೊಣೆ ಮಾಡಿ ದಂಡಿಸುವುದು ಅಲ್ಲಿನ ವಾಡಿಕೆಯಾಗಿತ್ತು, 1515ರಲ್ಲಿ ಅವಳು ಅದರಿಂದ ಕೂದಲೆಳೆಯಲ್ಲಿ ಪಾರಾಗಿದ್ದಳು. 1544ರಲ್ಲಿ ಜುಂಗ್‌ಜೊಂಗ್ ತೀರಿಕೊಂಡ ಮೇಲೆ ರಾಜವೃತ್ತಾಂತದಲ್ಲಿ ಅವಳ ಹೆಸರು ಮತ್ತೆ ಬರುವುದಿಲ್ಲ. ಆ ಮೌನವನ್ನು ತುಂಬಲು ಬರೆದವರು ಆರಿಸಿಕೊಂಡದ್ದು ಸಾವನ್ನಲ್ಲ, ಗಂಡ ಮತ್ತು ಮಗಳೊಂದಿಗೆ ಹಳ್ಳಿಗಳಲ್ಲಿ ತಲೆಮರೆಸಿಕೊಂಡು ವೈದ್ಯ ಮಾಡುವ ಬದುಕನ್ನು. ಮುಂದೆ ಕ್ಷಮೆ ಮತ್ತು ಪದವಿ ಮರಳಿ ಸಿಕ್ಕರೂ ಅವಳು ಅರಮನೆಯಲ್ಲಿ ನಿಲ್ಲುವುದಿಲ್ಲ. ದಾರಿಯಲ್ಲಿ ಸಿಕ್ಕ ಬಸುರಿಯೊಬ್ಬಳ ಹೊಟ್ಟೆ ಕೊಯ್ದು ಮಗುವನ್ನು ತೆಗೆಯುವ ಶಸ್ತ್ರಚಿಕಿತ್ಸೆ, ಆ ಕಾಲದ ಯಾವ ದೊರೆಯೂ ಅನುಮತಿ ಕೊಡದಂಥ ಸಾಹಸ, ಅವಳಿಗೆ ಸಾಧ್ಯವಾಗುವುದು ಹೊರಗಡೆಯೇ. ಧಾರಾವಾಹಿ ಅವಳಿಗೆ ಮೂರನೆಯ ದರ್ಜೆಯ ಪದವಿ ಕೊಡಿಸಿದ್ದು ಮಾತ್ರ ಕಥೆಗಾರರ ಔದಾರ್ಯ. ನಿಜವಾದ ಜೋಸನ್‌ನಲ್ಲಿ ಅಂಥ ಹುಟ್ಟಿನ ಹೆಂಗಸಿಗೆ ಅದು ಕನಸಿನ ಮಾತು.

ಪ್ರಶ್ನೆ: 54 ಕಂತು ನೋಡುವಷ್ಟು ಪುರುಸೊತ್ತಿಲ್ಲ. ಬಾಲ್ಯದ ಕಂತುಗಳನ್ನು ಬಿಟ್ಟು ನಾಯಕಿ ದೊಡ್ಡವಳಾದಲ್ಲಿಂದ ಆರಂಭಿಸಬಹುದೇ?
— ಬ್ಯಾಂಕ್ ಉದ್ಯೋಗಿ, ಶಿವಮೊಗ್ಗ

ಉತ್ತರ: ಬಾಲ್ಯವನ್ನು ಬಿಡಬೇಡಿ. ತಾಯಿಗೆ ವಿಷ ಕುಡಿಸಿದವರಾರು, ಹಾನ್ ಯಾವ ಋಣದಲ್ಲಿದ್ದಾಳೆ, ತಂದೆಗೆ ಸನ್ಯಾಸಿ ಹೇಳಿದ ಮೂವರು ಹೆಂಗಸರ ಭವಿಷ್ಯವಾಣಿ ಏನು ಎಂಬುದೆಲ್ಲ ಮೊದಲ ಕೆಲವು ಕಂತುಗಳಲ್ಲೇ ಇದೆ. ಪುರುಸೊತ್ತು ಕಡಿಮೆಯಿದ್ದರೆ ಜೇಜುವಿನಲ್ಲಿ ಕಡಲ್ಗಳ್ಳರ ದಾಳಿಯ ಭಾಗವನ್ನೂ, ಸಾರಾಯಿ ಕಾಸುವ ಸಾಕುತಂದೆತಾಯಿಯ ಹಾಸ್ಯದ ಕೆಲವು ದೃಶ್ಯಗಳನ್ನೂ ಬೇಗ ಬೇಗ ದಾಟಿಸಬಹುದು. ಸ್ಪರ್ಧೆಯ ಕಂತುಗಳನ್ನು ಮಾತ್ರ ಊಟವಾದ ಮೇಲೆ ನೋಡಿ.